ಕಾರ್ಡಿನ ಯಜಮಾನಿಗೆ 2,000. ಒಬ್ಬಳೇ ಮಗು ಸಾಕುವವಳಿಗೆ ಏನು? ಒಂಟಿ ಪೋಷಕರ ನೆರವಿನ ಬಗ್ಗೆ ಚರ್ಚೆ

ನಾಡಕಚೇರಿ_ಕಿಟಕಿ:

ಗೃಹಲಕ್ಷ್ಮಿ ಬೇಕೋ ಬೇಡವೋ ಅನ್ನುವ ಜಗಳ ಸಾಕಷ್ಟು ಆಗಿದೆ, ಅದನ್ನು ಇಲ್ಲಿ ಮತ್ತೆ ಎತ್ತುವುದು ಬೇಡ. ನಾನು ಕೇಳುವುದು ಇಷ್ಟೇ: ಗಂಡ ತೀರಿಕೊಂಡು, ಬಿಟ್ಟುಹೋಗಿ, ಅಥವಾ ಬೇರೆಯಾಗಿ ಒಬ್ಬಳೇ ಮಕ್ಕಳನ್ನು ಸಾಕುತ್ತಿರುವ ತಾಯಿಯ ಮನೆ ನಮ್ಮ ಯೋಜನೆಗಳ ಲೆಕ್ಕಕ್ಕೆ ಬರುತ್ತಿದೆಯೇ?

2023ರ ಆಗಸ್ಟ್ 30ರಂದು ಮೈಸೂರಿನಲ್ಲಿ ಶುರುವಾದ ಗೃಹಲಕ್ಷ್ಮಿಗೆ 2024-25ರ ಬಜೆಟ್‌ನಲ್ಲಿ 28,608 ಕೋಟಿ ಇಟ್ಟರು. ತಿಂಗಳಿಗೆ 2,000 ರೂಪಾಯಿಯ ಈ ದುಡ್ಡು ಹೋಗುವುದು ರೇಷನ್ ಕಾರ್ಡಿನಲ್ಲಿ ಯಜಮಾನಿ ಅಂತ ನಮೂದಾದವರಿಗೆ. 2013ರ ಆಹಾರ ಭದ್ರತಾ ಕಾಯ್ದೆಯ 13ನೇ ಕಲಮಿನ ಪ್ರಕಾರ ಮನೆಯಲ್ಲಿ 18 ತುಂಬಿದ ಹೆಂಗಸರ ಪೈಕಿ ಹಿರಿಯರೇ ಯಜಮಾನಿ. ಕೂಡು ಕುಟುಂಬದಲ್ಲಿ ಅದು ಅತ್ತೆ. ಗಂಡ ಬಿಟ್ಟ ಸೊಸೆ ಮಕ್ಕಳ ಜೊತೆ ತವರಿಗೆ ಬಂದರೆ ಅಲ್ಲಿನ ಯಜಮಾನಿ ಅವಳ ತಾಯಿ. ಗಂಡನ ಮನೆ ಕಾರ್ಡಿನಲ್ಲಿ ಅವಳು ಬರೀ ಸದಸ್ಯೆ, ತವರಿನ ಕಾರ್ಡಿನಲ್ಲಿ ಹೆಸರೇ ಇಲ್ಲ.

ಪಿಂಚಣಿ ಕಡೆ ನೋಡಿ. ವಿಧವಾ ವೇತನ ತಿಂಗಳಿಗೆ 800, ಅದಕ್ಕೆ ಗಂಡನ ಮರಣ ಪ್ರಮಾಣಪತ್ರ ಬೇಕು. ಮನಸ್ವಿನಿಯೂ 800, ಆದರೆ ಅದು 40ರಿಂದ 64 ವರ್ಷದೊಳಗಿನ ಅವಿವಾಹಿತ ಮತ್ತು ವಿಚ್ಛೇದಿತ ಮಹಿಳೆಯರಿಗೆ ಮಾತ್ರ. 28 ವರ್ಷದ, ಎರಡು ಮಕ್ಕಳಿರುವ, ಗಂಡ ಬಿಟ್ಟುಹೋಗಿರುವ, ಕೋರ್ಟಿನಿಂದ ವಿಚ್ಛೇದನದ ಡಿಕ್ರಿ ಆಗದ ತಾಯಿ ಎರಡಕ್ಕೂ ಹೊರಗೆ. ಮಕ್ಕಳ ಖರ್ಚು ಅತಿ ಹೆಚ್ಚಿರುವ ವಯಸ್ಸಿನಲ್ಲೇ ಅವಳಿಗೆ ಏನೂ ಇಲ್ಲ.

ಮಧ್ಯಪ್ರದೇಶದ ಲಾಡ್ಲಿ ಬೆಹನಾ (2023), ಮಹಾರಾಷ್ಟ್ರದ ಲಾಡ್ಕಿ ಬಹಿಣ್ (2024) ಎರಡೂ ಗಂಡ ತೊರೆದ ಮಹಿಳೆಯರನ್ನು ಹೆಸರಿಟ್ಟೇ ಫಲಾನುಭವಿಗಳ ಪಟ್ಟಿಗೆ ಸೇರಿಸಿವೆ. ನಮ್ಮಲ್ಲೂ ಸೇರಿಸಬೇಕು ಅನ್ನುವುದು ನನ್ನ ವಾದ. ಮುಂದಿನ ಬಜೆಟ್‌ಗೆ ಮುಂಚೆ ಶಾಸಕರಿಗೆ ಕೊಡಲು ಒಂದು ಮನವಿ ಸಿದ್ಧವಾಗಬೇಕು. ಅಭಿಪ್ರಾಯ ಹೇಳಿ.

ಹಂಪಿ_ಓದುಗ:

ಕಷ್ಟ ಇದೆ ಅನ್ನುವುದನ್ನು ಒಪ್ಪುತ್ತೇನೆ, ಪರಿಹಾರವನ್ನು ಒಪ್ಪುವುದಿಲ್ಲ. ಬೇರೆಯಾದರೆ ಸರ್ಕಾರ ಹೆಚ್ಚು ಕೊಡುತ್ತದೆ ಅಂತ ಮಾಡಿದರೆ ಎರಡು ಅನಾಹುತ. ಒಂದು, ಒಂದೇ ಸೂರಿನ ಕೆಳಗೆ ಇದ್ದುಕೊಂಡು ಕಾರ್ಡು ಒಡೆಯುತ್ತಾರೆ, ಒಂದು ಮನೆಗೆ 2,000 ಹೋಗುವ ಕಡೆ 4,000 ಹೋಗುತ್ತದೆ. ಎರಡು, ಹುಟ್ಟಿಸಿದ ಅಪ್ಪನ ಹೊಣೆ ಖಜಾನೆ ಮೇಲೆ ಬೀಳುತ್ತದೆ. ಜೀವನಾಂಶದ ಕಾನೂನು ಇದೆಯಲ್ಲ? ಅದನ್ನು ಬಿಗಿಯಾಗಿ ಜಾರಿ ಮಾಡಿ. ಅಪ್ಪ ಕಟ್ಟಬೇಕಾದ್ದನ್ನು ತೆರಿಗೆ ಕಟ್ಟುವವರು ಏಕೆ ಕಟ್ಟಬೇಕು?

ವಕಾಲತ್ತು:

ಹಂಪಿಯವರೇ, ಕಾನೂನು ಇದೆ. ಅದು ಎಲ್ಲಿ ಸಿಕ್ಕಿಕೊಳ್ಳುತ್ತದೆ ಅನ್ನುವುದನ್ನು ಬಿಡಿಸಿ ಹೇಳುತ್ತೇನೆ, ಬೇಕಾದವರಿಗೂ ಉಪಯೋಗಕ್ಕೆ ಬರಲಿ.

2024ರ ಜುಲೈ 1ರಿಂದ ಜೀವನಾಂಶಕ್ಕೆ ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ (ಸಿಆರ್‌ಪಿಸಿ) 125ನೇ ಕಲಮಿನ ಜಾಗದಲ್ಲಿ ಹೊಸ ಸಂಹಿತೆಯ (ಬಿಎನ್‌ಎಸ್‌ಎಸ್) 144ನೇ ಕಲಮು ಬಂದಿದೆ. ಅರ್ಜಿಯನ್ನು ಹೆಂಡತಿ ಈಗ ವಾಸವಿರುವ ಊರಿನಲ್ಲೇ ಹಾಕಬಹುದು, ಗಂಡನ ಊರಿಗೆ ಅಲೆಯಬೇಕಿಲ್ಲ. ಕೌಟುಂಬಿಕ ನ್ಯಾಯಾಲಯ ಇಲ್ಲದ ಕಡೆ ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟರ ಮುಂದೆ. ವಕೀಲರ ಫೀಸಿಗೆ ಹೆದರಬೇಡಿ: 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೇ ಕಲಮಿನಲ್ಲಿ ಮಹಿಳೆಯರಿಗೂ ಮಕ್ಕಳಿಗೂ ಆದಾಯ ಎಷ್ಟೇ ಇರಲಿ ಉಚಿತ ವಕೀಲರು ಸಿಗುತ್ತಾರೆ. ತಾಲೂಕು ಕೋರ್ಟಿನ ಆವರಣದಲ್ಲಿರುವ ಕಾನೂನು ಸೇವಾ ಸಮಿತಿಗೆ ಹೋಗಿ, ಇಲ್ಲವೇ 15100ಕ್ಕೆ ಕರೆ ಮಾಡಿ.

ಮಧ್ಯಂತರ ಜೀವನಾಂಶದ ಅರ್ಜಿಯನ್ನು ಮೂಲ ಅರ್ಜಿಯ ಜೊತೆಯಲ್ಲೇ ಹಾಕಿ. ನೋಟಿಸ್ ಜಾರಿಯಾದ ದಿನದಿಂದ ಸಾಧ್ಯವಾದಷ್ಟೂ 60 ದಿನದೊಳಗೆ ಅದನ್ನು ತೀರ್ಮಾನಿಸಬೇಕು ಅಂತ ಕಾನೂನಿದೆ. ಮೊದಲ ಗಂಟು ಇರುವುದು ಇಲ್ಲೇ. 60 ದಿನ ಎಣಿಸುವುದು ಅರ್ಜಿ ಹಾಕಿದ ದಿನದಿಂದಲ್ಲ, ನೋಟಿಸ್ ಅವನ ಕೈಸೇರಿದ ದಿನದಿಂದ. 'ವಿಳಾಸದಲ್ಲಿ ಇಲ್ಲ' ಅಂತ ಷರಾ ಬಂದರೆ ಎಣಿಕೆ ಶುರುವೇ ಆಗಲಿಲ್ಲ. ಅದಕ್ಕೆ ಮನೆ ವಿಳಾಸ ಒಂದನ್ನೇ ಕೊಡಬೇಡಿ. ಕೆಲಸದ ಜಾಗ, ಅವನ ಅಣ್ಣತಮ್ಮಂದಿರ ಮನೆ, ಫೋನ್ ನಂಬರ್ ಎಲ್ಲವನ್ನೂ ಮೊದಲ ದಿನವೇ ಬರೆಸಿ. ವಿದ್ಯುನ್ಮಾನ ಮಾರ್ಗದ ಸಮನ್ಸ್‌ಗೂ ಹೊಸ ಕಾನೂನಿನಲ್ಲಿ ಅವಕಾಶವಿದೆ, ಬಾಯಿಬಿಟ್ಟು ಕೇಳಬೇಕು.

ಎರಡನೇ ಗಂಟು ಆದಾಯದ ಪುರಾವೆ. ರಜನೇಶ್ ವಿರುದ್ಧ ನೇಹಾ ಪ್ರಕರಣದಲ್ಲಿ (2020ರ ನವೆಂಬರ್ 4) ಸುಪ್ರೀಂ ಕೋರ್ಟು ಇಬ್ಬರೂ ಆಸ್ತಿ ಮತ್ತು ಸಾಲದ ಅಫಿಡವಿಟ್ ಸಲ್ಲಿಸಬೇಕು, ಎದುರುದಾರನಿಗೆ ಹೆಚ್ಚೆಂದರೆ ನಾಲ್ಕು ವಾರ ಸಮಯ ಅಂದಿದೆ. ಜೀವನಾಂಶ ಅರ್ಜಿ ಹಾಕಿದ ದಿನದಿಂದಲೇ ಸಲ್ಲಬೇಕು ಅಂತಲೂ ಹೇಳಿದೆ. ಅವನು ಕೂಲಿ, ಆದಾಯದ ದಾಖಲೆ ಇಲ್ಲ ಅಂತ ವಾದಿಸಿದರೆ 2022ರ ಅಂಜು ಗರ್ಗ್ ತೀರ್ಪು ನೆರವಿಗಿದೆ: ಮೈಕೈ ಗಟ್ಟಿ ಇರುವ ಗಂಡ ದೈಹಿಕ ದುಡಿಮೆಯಿಂದಾದರೂ ಹೆಂಡತಿ ಮಕ್ಕಳನ್ನು ಸಾಕಬೇಕು.

ಮೂರನೆಯದು ವಸೂಲಿ. ಆದೇಶವಾಗಿಯೂ ಕಟ್ಟದಿದ್ದರೆ ವಾರಂಟ್‌ಗೆ ಮತ್ತೆ ಅರ್ಜಿ ಹಾಕಬೇಕು, ಅದೂ ಆ ಕಂತು ಬಾಕಿಯಾದ ಒಂದು ವರ್ಷದೊಳಗೆ. ಎರಡು ವರ್ಷ ಸುಮ್ಮನಿದ್ದು ಒಟ್ಟಿಗೆ ಕೇಳಿದರೆ ಹಿಂದಿನ ಕಂತುಗಳು ಈ ದಾರಿಯಲ್ಲಿ ಕೈತಪ್ಪುತ್ತವೆ. ಎಷ್ಟೋ ಜನ ಸೋಲುವುದು ಇಲ್ಲೇ. ಆರಾರು ತಿಂಗಳಿಗೆ ಒಂದು ವಸೂಲಿ ಅರ್ಜಿ ಹಾಕುತ್ತಾ ಹೋಗಿ. ಸಂಬಳದಾರ ಆದರೆ ಮಾಲೀಕನ ಮೂಲಕ ಸಂಬಳದಲ್ಲೇ ಹಿಡಿಯಲು ಆದೇಶ ಕೇಳಿ.

ಈ ಮೂರು ಗಂಟು ಬಿಡಿಸುವಷ್ಟು ಹೊತ್ತಿಗೆ ಮಗು ಒಂದನೇ ಕ್ಲಾಸು ದಾಟಿರುತ್ತದೆ. ಜಾರಿ ಬಿಗಿ ಮಾಡಬೇಕು ಅನ್ನುವುದಕ್ಕೆ ನನ್ನದೂ ಬೆಂಬಲ. ಆದರೆ ಅಲ್ಲಿಯವರೆಗೆ ಮಗುವಿನ ಅನ್ನಕ್ಕೆ ಯಾರು ಹೊಣೆ ಅನ್ನುವುದಕ್ಕೆ ನಿಮ್ಮ ಮಾತಿನಲ್ಲಿ ಉತ್ತರ ಇಲ್ಲ.

ಬೆಳವಲ:

ನಾಡಕಚೇರಿಯವರು ಹೇಳಿದ್ದು ಖರೆ ಐತ್ರಿ. ಆದ್ರ ಇದ್ದ ಯೋಜನಾನ ಮಂದಿಗೆ ಮುಟ್ಟಿಲ್ಲ, ಮೊದಲ ಅದನ್ನ ಹೇಳೂಣು. ಮಿಷನ್ ವಾತ್ಸಲ್ಯ ಅನ್ನೂ ಕೇಂದ್ರದ ಮಕ್ಕಳ ರಕ್ಷಣಾ ಯೋಜನಾದಾಗ ಪ್ರಾಯೋಜಕತ್ವ ಅಂತ ಐತಿ, ಒಂದು ಮಗುವಿಗೆ ತಿಂಗಳಿಗೆ 4,000. ತಾಯಿ ವಿಧವೆ ಇರಬೇಕು, ಇಲ್ಲಾ ವಿಚ್ಛೇದನ ಆಗಿರಬೇಕು, ಇಲ್ಲಾ ಮನಿಯವರು ಕೈಬಿಟ್ಟಿರಬೇಕು. 'ಕೈಬಿಟ್ಟ' ಅನ್ನೂದು ಇದರಾಗ ಐತಿ, ನೋಡ್ರಿ. ಡಿಕ್ರಿ ಇಲ್ಲದ ತಾಯಿಗೂ ಬಾಗಿಲ ತೆರೆದೈತಿ.

ಅರ್ಜಿ ಕೊಡೂದು ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕ. ಮಗುವಿನ ಆಧಾರ್, ಜನನ ಪ್ರಮಾಣಪತ್ರ, ಸಾಲಿಯಿಂದ ವ್ಯಾಸಂಗ ಪ್ರಮಾಣಪತ್ರ, ತಾಯಿ ಆಧಾರ್, ರೇಷನ್ ಕಾರ್ಡ್, ಆದಾಯ ಪ್ರಮಾಣಪತ್ರ, ಬ್ಯಾಂಕ್ ಪಾಸ್‌ಬುಕ್, ಮತ್ತ ಮರಣ ಪ್ರಮಾಣಪತ್ರ ಇಲ್ಲಾ ಕೋರ್ಟಿನ ಕಾಗದ, ಇದ್ದದ್ದನ್ನ ಜೋಡಸ್ರಿ. ಆಮ್ಯಾಲ ಸಮಾಜ ಕಾರ್ಯಕರ್ತರು ಮನಿಗೆ ಬಂದು ವರದಿ ಬರೀತಾರ, ಜಿಲ್ಲಾ ಸಮಿತಿ ಮಂಜೂರು ಮಾಡತೈತಿ.

ಎಲ್ಲಿ ತಪ್ಪತೈತಿ ಅಂದ್ರ, ಆದಾಯದ ಮಿತಿ. ಹಳ್ಳಿಯೊಳಗ ವರ್ಷಕ್ಕ 72,000, ಉಳಿದ ಕಡೆ 96,000. ತವರಮನಿಯಾಗ ಇರೂ ತಾಯಿಗೆ ಅವರಪ್ಪನ ಆದಾಯ ಸೇರಿಸಿ ಪ್ರಮಾಣಪತ್ರ ಕೊಟ್ರ ಮುಗೀತು, ಅರ್ಜಿ ವಾಪಸ್. ನಾಡಕಚೇರಿಯಾಗ ಅರ್ಜಿ ಹಾಕುವಾಗನ ತನ್ನದು ಬ್ಯಾರೆ ಕುಟುಂಬ ಅಂತ ಬರೆಸಬೇಕು, ಗ್ರಾಮ ಆಡಳಿತಾಧಿಕಾರಿ ಮಹಜರಿಗೆ ಬಂದಾಗ ಅದನ್ನ ಮತ್ತ ಹೇಳಬೇಕು. ಇನ್ನೊಂದು, ಮಗು ಹಾಸ್ಟೆಲ್ ಸೇರಿದ್ರ ಈ ನೆರವು ನಿಲ್ಲತೈತಿ. ಹಾಸ್ಟೆಲಿಗೆ ಹಾಕೂಕಿಂತ ಮೊದಲ ಈ ಲೆಕ್ಕ ಮಾಡ್ರಿ.

ನಾಡಕಚೇರಿ_ಕಿಟಕಿ:

ಬೆಳವಲ ಅವರೇ, ಮಿತಿಯ ಮಾತು ಎತ್ತಿದ್ದಕ್ಕೆ ವಂದನೆ. ವರ್ಷಕ್ಕೆ 96,000 ಅಂದರೆ ತಿಂಗಳಿಗೆ 8,000. ಬೆಂಗಳೂರಿನ ಗಾರ್ಮೆಂಟ್ಸ್ ಹೆಣ್ಣುಮಗಳ ಕನಿಷ್ಠ ವೇತನವೇ ಅದಕ್ಕಿಂತ ಜಾಸ್ತಿ. ಅಂದರೆ ಕಾನೂನುಬದ್ಧವಾಗಿ ಪೂರ್ಣಾವಧಿ ದುಡಿಯುವ ಒಂಟಿ ತಾಯಿ ದುಡಿಯುತ್ತಿರುವ ಕಾರಣಕ್ಕೇ ಹೊರಗೆ.

ವಿಧವಾ ವೇತನ ಇನ್ನೂ ಕೆಟ್ಟದಾಗಿದೆ. ಅದರ ಆದಾಯ ಮಿತಿ ವರ್ಷಕ್ಕೆ 32,000. 2025-26ರಲ್ಲಿ ನಮ್ಮ ರಾಜ್ಯದ ನರೇಗಾ ಕೂಲಿ ದಿನಕ್ಕೆ 370 ಇತ್ತು. ಸರ್ಕಾರವೇ ಕೊಡುತ್ತಿದ್ದ 100 ದಿನದ ಕೆಲಸ ಪೂರ್ತಿ ಮಾಡಿದ್ದರೆ 37,000. ಒಂದು ಇಲಾಖೆಯ ಕೂಲಿಯನ್ನು ಪೂರ್ತಿ ಪಡೆದವಳು ಇನ್ನೊಂದು ಇಲಾಖೆಯ ಪಿಂಚಣಿಗೆ ಕಾಗದದ ಮೇಲೆ ಅನರ್ಹಳು. ಈ ಮಿತಿಯನ್ನು ಕೂಲಿ ದರಕ್ಕೆ ಜೋಡಿಸಬೇಕು ಅನ್ನುವುದು ಮನವಿಯ ಮೊದಲ ಅಂಶ ಆಗಲಿ.

ರೈನ್_ದಂಡೆ:

ಹಂಪಿಯವರು ಕೇಳಿದ 'ಅಪ್ಪನ ಬದಲು ಸರ್ಕಾರ ಏಕೆ' ಅನ್ನುವ ಪ್ರಶ್ನೆಗೆ ಜರ್ಮನಿಯಲ್ಲಿ ಒಂದು ಉತ್ತರ ಇದೆ. ಉಂಟರ್‌ಹಾಲ್ಟ್ಸ್‌ಫೋರ್‌ಶುಸ್ ಅನ್ನುತ್ತಾರೆ, ಮುಂಗಡ ಜೀವನಾಂಶ. ಬೇರೆಯಿರುವ ತಂದೆ ಅಥವಾ ತಾಯಿ ಮಗುವಿನ ಖರ್ಚು ಕಟ್ಟದಿದ್ದರೆ ಯುವಜನ ಕಚೇರಿ (ಯೂಗೆಂಡ್‌ಆಮ್ಟ್) ಮಗುವನ್ನು ಸಾಕುತ್ತಿರುವವರಿಗೆ ಪ್ರತಿ ತಿಂಗಳೂ ಕೊಡುತ್ತದೆ, ಆಮೇಲೆ ಆ ಸಾಲವನ್ನು ತಪ್ಪಿಸಿಕೊಂಡವನಿಂದ ತಾನೇ ವಸೂಲಿ ಮಾಡುತ್ತದೆ. ತಾಯಿ ಕೋರ್ಟು ಸುತ್ತಬೇಕಿಲ್ಲ. 2025ರ ದರ 6 ವರ್ಷದೊಳಗಿನ ಮಗುವಿಗೆ 227 ಯೂರೋ, 6ರಿಂದ 11ಕ್ಕೆ 299, 12ರಿಂದ 17ಕ್ಕೆ 394. 2017ರ ಜುಲೈಗೆ ಮುಂಚೆ 12 ವರ್ಷದ ತನಕ ಮಾತ್ರ, ಅದೂ ಹೆಚ್ಚೆಂದರೆ 72 ತಿಂಗಳು ಇತ್ತು. ಈಗ 18ರ ತನಕ.

ಇದರ ಕೊರತೆಗಳನ್ನೂ ಹೇಳಲೇಬೇಕು. ಸರ್ಕಾರ ವಾಪಸು ವಸೂಲಿ ಮಾಡುವುದು ಐದರಲ್ಲಿ ಒಂದು ಪಾಲಿನ ಆಸುಪಾಸು ಅಷ್ಟೇ. ಉಳಿದದ್ದು ಖಜಾನೆಯಿಂದಲೇ. ಅಲ್ಲಿನ ಸಂಸತ್ತಿನಲ್ಲೂ ಜಗಳ ಇದರ ಮೇಲೇ. ಸಾಕುತ್ತಿರುವ ಪೋಷಕರು ಮರುಮದುವೆಯಾದರೆ ನೆರವು ನಿಲ್ಲುತ್ತದೆ, ಮಗುವಿನ ಸ್ವಂತ ಅಪ್ಪನ ಹೊಣೆ ಮಾತ್ರ ಹಾಗೇ ಇರುತ್ತದೆ. ಇದು ಅನ್ಯಾಯ ಅಂತಲೂ ದೂರುಗಳಿವೆ. ಹಿಂದಿನ ಬಾಕಿ ಕೇಳಲು ಒಂದೇ ತಿಂಗಳ ಅವಕಾಶ, ತಡವಾಗಿ ಅರ್ಜಿ ಹಾಕಿದವರು ಕಳೆದುಕೊಳ್ಳುತ್ತಾರೆ.

ಹಂಪಿ_ಓದುಗ:

ಸಂಬಳದ ಲೆಕ್ಕ ಸರ್ಕಾರದ ಕೈಯಲ್ಲಿರುವ ದೇಶದಲ್ಲೇ ಐದರಲ್ಲಿ ನಾಲ್ಕು ಪಾಲು ಬರುವುದಿಲ್ಲ ಅಂದಮೇಲೆ, ಗಾರೆ ಕೆಲಸಕ್ಕೆ ಗೋವಾಕ್ಕೆ ಹೋದವನಿಂದ ನಮ್ಮ ತಹಶೀಲ್ದಾರರು ಹೇಗೆ ವಸೂಲಿ ಮಾಡುತ್ತಾರೆ?

ವಕಾಲತ್ತು:

ಎಲ್ಲರಿಂದ ಆಗುವುದಿಲ್ಲ. ಹೊಲ ಇರುವವನಿಂದ ಆಗುತ್ತದೆ, ಸರ್ಕಾರಿ ನೌಕರ, ಕಂಪನಿ ನೌಕರ, ಪಿಎಫ್ ಇರುವವನಿಂದ ಆಗುತ್ತದೆ. ಇವತ್ತು ಅಂಥವರನ್ನೂ ಬೆನ್ನತ್ತುವ ಕೆಲಸ ಮಗುವಿನ ತಾಯಿಯದೇ. ಸರ್ಕಾರ ಬೆನ್ನತ್ತುತ್ತದೆ ಅಂತ ಗೊತ್ತಾದರೆ ಅರ್ಧ ಜನ ಮೊದಲೇ ಕಟ್ಟುತ್ತಾರೆ ಅನ್ನುವುದು ನನ್ನ ಅಂದಾಜು. ಪಹಣಿಯಲ್ಲಿ ಬಾಕಿ ನಮೂದಾದರೆ ಹೊಲ ಮಾರುವ ಮುಂಚೆ ತೀರಿಸಲೇಬೇಕಾಗುತ್ತದೆ, ಬ್ಯಾಂಕಿನ ಸಾಲಕ್ಕೆ ಇರುವ ವ್ಯವಸ್ಥೆ ಮಗುವಿನ ಅನ್ನಕ್ಕೂ ಇರಲಿ.

ಕಾವೇರಿ_ಕಣಿವೆ:

ಕಾರ್ಡಿನ ವಿಷಯ ಯಾರಾದರೂ ಹೇಳಿ. ಗಂಡನ ಮನೆ ಕಾರ್ಡಿನಿಂದ ಹೆಸರು ತೆಗೆಯಲು ಅತ್ತೆ ಮನೆಯವರು ಒಪ್ಪದಿದ್ದರೆ? ಮತ್ತೆ, ಬ್ಯಾಂಕ್ ಖಾತೆ ಗಂಡನ ಜೊತೆ ಜಂಟಿ ಇದ್ದರೆ?

ನಾಡಕಚೇರಿ_ಕಿಟಕಿ:

ಒಂದು ಆಧಾರ್ ಎರಡು ಕಾರ್ಡಿನಲ್ಲಿ ಇರುವ ಹಾಗಿಲ್ಲ. ಹಾಗಾಗಿ ಹಳೆ ಕಾರ್ಡಿನಿಂದ ಹೆಸರು ಹೋಗದೆ ಹೊಸದು ಆಗುವುದಿಲ್ಲ. ಮನೆಯವರು ಒಪ್ಪದಿದ್ದರೆ ತಾಲೂಕು ಕಚೇರಿಯ ಆಹಾರ ನಿರೀಕ್ಷಕರಿಗೆ ಬರವಣಿಗೆಯಲ್ಲಿ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. ಜೊತೆಗೆ ಈಗ ಬೇರೆ ವಾಸ ಇರುವುದಕ್ಕೆ ಏನಾದರೂ ದಾಖಲೆ ಇಡಿ: ಮಧ್ಯಂತರ ಜೀವನಾಂಶದ ಆದೇಶ, ಮಕ್ಕಳ ಶಾಲೆಯ ದಾಖಲಾತಿ, ಬಾಡಿಗೆ ಕರಾರು. ಕೌಟುಂಬಿಕ ಹಿಂಸೆ ನಡೆದಿದ್ದರೆ 2005ರ ಕಾಯ್ದೆಯಡಿ ಸಂರಕ್ಷಣಾಧಿಕಾರಿ ಬರೆಯುವ ಘಟನಾ ವರದಿ ಬಹಳ ತೂಕದ ಕಾಗದ. ನಮ್ಮಲ್ಲಿ ಶಿಶು ಅಭಿವೃದ್ಧಿ ಯೋಜನಾಧಿಕಾರಿ (ಸಿಡಿಪಿಒ) ಅವರೇ ಸಂರಕ್ಷಣಾಧಿಕಾರಿ. ಅಂಗನವಾಡಿ ಮೂಲಕವೇ ಅವರನ್ನು ತಲುಪಬಹುದು. ಮಕ್ಕಳ ಹೆಸರನ್ನೂ ಅದೇ ಅರ್ಜಿಯಲ್ಲಿ ಕೇಳಿ. ತಾಯಿಯದು ಮಾತ್ರ ತೆಗೆಸಿದರೆ ಮಕ್ಕಳ ಅಕ್ಕಿ ಅಲ್ಲೇ ಉಳಿಯುತ್ತದೆ.

ಆಮೇಲೆ ರಾಜ್ಯದ 'ಕುಟುಂಬ' ದತ್ತಾಂಶ. ಯೋಜನೆಗಳ ಅರ್ಹತೆ ನೋಡುವುದು ಈಗ ಅಲ್ಲಿಂದ, ಅಲ್ಲಿಗೆ ಮಾಹಿತಿ ಹೋಗುವುದು ಬಹುಮಟ್ಟಿಗೆ ರೇಷನ್ ಕಾರ್ಡಿನಿಂದ. ಕಾರ್ಡು ಹಳೆಯದಾಗಿದ್ದರೆ ಗಂಡನ ತೆರಿಗೆ ರಿಟರ್ನ್ ಕೂಡ ಅವಳ ತಲೆಗೆ ಬರುತ್ತದೆ. ಗೃಹಲಕ್ಷ್ಮಿಯಲ್ಲಿ ಯಜಮಾನಿ ಅಥವಾ ಅವಳ ಗಂಡ ಆದಾಯ ತೆರಿಗೆ ಕಟ್ಟುವವರು, ಜಿಎಸ್‌ಟಿ ರಿಟರ್ನ್ ಸಲ್ಲಿಸುವವರು ಆಗಿರಬಾರದು. ಐದು ವರ್ಷದಿಂದ ಒಂದು ಪೈಸೆ ಕೊಡದವನ ಜಿಎಸ್‌ಟಿ ನಂಬರು ಇವಳ ಅರ್ಜಿಯನ್ನು ತಳ್ಳಿಹಾಕಲು ಸಾಕು. ಇದು ನನಗೆ ತುಂಬಾ ನೋವು ಕೊಡುವ ಸಂಗತಿ.

ಖಾತೆಯ ಬಗ್ಗೆ: ದುಡ್ಡು ಹೋಗುವುದು ಆಧಾರ್‌ಗೆ ಕೊನೆಯದಾಗಿ ಜೋಡಿಸಿದ ಖಾತೆಗೆ, ಅರ್ಜಿಯಲ್ಲಿ ಬರೆದ ಖಾತೆಗೆ ಅಲ್ಲ. ಅಂಚೆ ಕಚೇರಿ ಪೇಮೆಂಟ್ಸ್ ಬ್ಯಾಂಕಿನಲ್ಲೋ ಬೇರೆಲ್ಲೋ ಒಬ್ಬರ ಹೆಸರಿನಲ್ಲೇ ಖಾತೆ ತೆರೆದು, ಆಧಾರ್ ಸೀಡಿಂಗ್ (ಜೋಡಣೆ) ಒಪ್ಪಿಗೆ ಫಾರಂ ಪ್ರತ್ಯೇಕವಾಗಿ ಕೊಡಿ. ಕೆವೈಸಿಗೆ ಆಧಾರ್ ಕೊಟ್ಟ ಮಾತ್ರಕ್ಕೆ ಸೀಡಿಂಗ್ ಆಗಿರುವುದಿಲ್ಲ. ಆಧಾರ್ ಜಾಲತಾಣದಲ್ಲಿ ಯಾವ ಬ್ಯಾಂಕು ಜೋಡಣೆಯಾಗಿದೆ ಅಂತ ನೋಡಬಹುದು. ಹೊಸ ಖಾತೆ ತೋರಿಸಿದ ಮೇಲೆ ಜಂಟಿ ಖಾತೆಯ ವಿಷಯಕ್ಕೆ ಕೈಹಾಕಿ.

ಪಡುಗಡಲು:

ಒಂಟಿ ಅಪ್ಪಂದಿರ ಹೆಸರು ಇಲ್ಲಿಯವರೆಗೆ ಬರಲೇ ಇಲ್ಲ. ಹೆಂಡತಿ ತೀರಿಕೊಂಡು ಸಣ್ಣ ಮಕ್ಕಳ ಜೊತೆ ಇರುವ ಗಂಡಸಿನ ಕಾರ್ಡಿನಲ್ಲಿ 18 ತುಂಬಿದ ಹೆಂಗಸು ಇಲ್ಲದಿದ್ದರೆ ಅವನೇ ಯಜಮಾನ, ಆದ್ದರಿಂದ ಗೃಹಲಕ್ಷ್ಮಿ ಇಲ್ಲ. ಮಗಳಿಗೆ 18 ತುಂಬಿದಾಗ ಅವಳು ಯಜಮಾನಿಯಾಗಬಹುದು, ಅಷ್ಟರಲ್ಲಿ ಬಾಲ್ಯವೇ ಮುಗಿದಿರುತ್ತದೆ. ವಿಧುರರಿಗೆ ವಿಧವಾ ವೇತನದಂಥದ್ದೂ ಇಲ್ಲ. ವಾತ್ಸಲ್ಯದಲ್ಲಿ 'ಪೋಷಕರು ಆರ್ಥಿಕವಾಗಿಯೂ ದೈಹಿಕವಾಗಿಯೂ ಅಶಕ್ತರು' ಅನ್ನುವ ಅಂಶದಡಿ ಅರ್ಜಿ ಹಾಕಲು ದಾರಿ ಇದೆ. ಕೇಂದ್ರ ಸರ್ಕಾರ ತನ್ನ ನೌಕರರಲ್ಲಿ ಒಂಟಿ ತಂದೆಯರಿಗೂ 730 ದಿನಗಳ ಮಕ್ಕಳ ಪಾಲನಾ ರಜೆಯನ್ನು ಒಪ್ಪಿದೆ. ನೌಕರರಿಗೆ ಒಪ್ಪಿದ್ದನ್ನು ಮೀನುಗಾರನಿಗೂ ಕೂಲಿಯವನಿಗೂ ಒಪ್ಪಬೇಡವೇ?

ರೈನ್_ದಂಡೆ:

ಇದಕ್ಕೇ ನಾನು ಮದುವೆಯ ಸ್ಥಿತಿ ನೋಡದೆ ಮಗುವಿನ ಲೆಕ್ಕದಲ್ಲಿ ಕೊಡುವುದು ಮೇಲು ಅನ್ನುವುದು. ಬೇರೆಯಾದರೆ ಹೆಚ್ಚು ಸಿಗುತ್ತದೆ ಅನ್ನುವ ಹಂಪಿಯವರ ಆತಂಕವೂ ಆಗ ಇರುವುದಿಲ್ಲ. ಜರ್ಮನಿಯಲ್ಲಿ ಕಿಂಡರ್‌ಗೆಲ್ಡ್ 2025ರಲ್ಲಿ ಪ್ರತಿ ಮಗುವಿಗೂ 255 ಯೂರೋ, ಅಪ್ಪ ಅಮ್ಮ ಜೊತೆಗಿದ್ದರೂ ಅಷ್ಟೇ, ಇಲ್ಲದಿದ್ದರೂ ಅಷ್ಟೇ.

ಹಂಪಿ_ಓದುಗ:

ಎಲ್ಲಾ ಮಕ್ಕಳಿಗೂ ಅಂದರೆ ಇನ್ನೊಂದು ಗೃಹಲಕ್ಷ್ಮಿಯಷ್ಟು ಖರ್ಚು. ಅದನ್ನು ನಾನು ಒಪ್ಪುವುದಿಲ್ಲ. ನೀರಾವರಿ, ಶಾಲಾ ಕೊಠಡಿ, ಶಿಕ್ಷಕರ ನೇಮಕಾತಿ ಎಲ್ಲದಕ್ಕೂ ಕೈ ತಡೆಹಿಡಿಯಬೇಕಾಗುತ್ತದೆ.

ಬೆಳವಲ:

ಎಲ್ಲಾರಿಗೂ ಬ್ಯಾಡ್ರಿ. ವಾತ್ಸಲ್ಯದ ಲೆಕ್ಕ ಹಾಕ್ರಿ. ಒಂದು ಮಗುವಿಗೆ ವರ್ಷಕ್ಕ 48,000. ಒಂದು ಲಕ್ಷ ಮಕ್ಕಳಿಗೆ 480 ಕೋಟಿ. ಅದರಾಗ ಕೇಂದ್ರದ ಪಾಲು 60, ರಾಜ್ಯದ್ದು 40. ರಾಜ್ಯಕ್ಕ ಬೀಳೂದು 192 ಕೋಟಿ. ಗೃಹಲಕ್ಷ್ಮಿಯ 28,608 ಕೋಟಿ ಮುಂದ ಇದು ನೂರಕ್ಕ ಒಂದು ಪಾಲೂ ಆಗೂದಿಲ್ಲ. ಕೇಂದ್ರ ಮಿತಿ ಏರಿಸದಿದ್ರ ಮಿತಿ ದಾಟಿದ ತಾಯಂದಿರಿಗೆ ರಾಜ್ಯನ ಪೂರ್ತಿ ಕೊಟ್ರೂ 480 ಕೋಟಿ. ಅಷ್ಟಕ್ಕ ನೀರಾವರಿ ನಿಲ್ಲೂದಿಲ್ಲ.

ಮತ್ತ ಕೂಸಿನ ಮನೆ (ಹಳ್ಳಿಯ ಶಿಶುಪಾಲನಾ ಕೇಂದ್ರ) ಮರೀಬ್ಯಾಡ್ರಿ. 2023-24ರ ಬಜೆಟ್‌ನಾಗ 4,000 ಗ್ರಾಮ ಪಂಚಾಯಿತಿಗೆ ಅಂತ ಹೇಳಿದ್ರು. ಒಬ್ಬಾಕೆನ ದುಡಿಯೂ ಮನಿಯಾಗ ಮೂರು ವರ್ಷದೊಳಗಿನ ಕೂಸು ಇದ್ರ ದುಡ್ಡಿಗಿಂತ ಮೊದಲ ಬೇಕಾದ್ದು ಕೂಸು ನೋಡೂ ಜಾಗ. ಬರೇ ನರೇಗಾ ಕೆಲಸದವರಿಗೆ ಅಲ್ಲ, ಹೊಲದ ಕೂಲಿ, ಕಟ್ಟಡ ಕೂಲಿಯವರಿಗೂ ತೆರೀಬೇಕು, ಹೊತ್ತು ಮುಳುಗೂತನಕ ಇರಬೇಕು. ಹೊಲದ ಕೆಲಸ ಮೂರು ಗಂಟೆಗೆ ಮುಗಿಯೂದಿಲ್ಲ.

ಹಂಪಿ_ಓದುಗ:

ಈ ಲೆಕ್ಕ ಸರಿ ಇದೆ. ಕೂಸಿನ ಮನೆಗೆ ನನ್ನ ಪೂರ್ಣ ಸಮ್ಮತಿ. ಪ್ರಾಯೋಜಕತ್ವ ವಿಸ್ತರಿಸುವುದಕ್ಕೂ ಒಪ್ಪುತ್ತೇನೆ, ಆದರೆ ಸುಳ್ಳು ಬೇರ್ಪಡೆ ತಡೆಯಲು ಮನೆ ಭೇಟಿ ವರದಿ ಕಡ್ಡಾಯ ಇರಲಿ, ವರ್ಷಕ್ಕೊಮ್ಮೆ ಮರುಪರಿಶೀಲನೆ ಆಗಲಿ.

ಕಾವೇರಿ_ಕಣಿವೆ:

ಮನೆ ಭೇಟಿಗೆ ಅಡ್ಡಿ ಇಲ್ಲ. ಆದರೆ ನೆರೆಹೊರೆಯವರನ್ನು ನಿಲ್ಲಿಸಿಕೊಂಡು 'ಇವಳ ಗಂಡ ಬರುತ್ತಾನಾ' ಅಂತ ಕೇಳುವ ರೀತಿ ಇರಬಾರದು. ದಾಖಲೆ ನೋಡಲಿ, ಮಗುವಿನ ಶಾಲೆಯಲ್ಲಿ ವಿಚಾರಿಸಲಿ. ಇನ್ನೊಂದು ಪ್ರಶ್ನೆ: ಮಗುವಿನ ಜಾತಿ ಪ್ರಮಾಣಪತ್ರಕ್ಕೆ, ಪಾಸ್‌ಪೋರ್ಟಿಗೆ ತಂದೆಯ ದಾಖಲೆ ಇಲ್ಲದೆ ಆಗುವುದಿಲ್ಲ ಅನ್ನುತ್ತಾರೆ. ನಿಜವೇ?

ವಕಾಲತ್ತು:

ಪಾಸ್‌ಪೋರ್ಟಿಗೆ ನಿಜವಲ್ಲ. 2016ರ ಡಿಸೆಂಬರ್‌ನಿಂದ ತಂದೆ, ತಾಯಿ ಇಬ್ಬರಲ್ಲಿ ಒಬ್ಬರ ಹೆಸರು ಸಾಕು. ಇನ್ನೊಬ್ಬರ ಸಹಿ ಸಿಗದಿದ್ದರೆ ಅನುಬಂಧ ಸಿ ಘೋಷಣೆ ಕೊಡಬೇಕು. ಪ್ಯಾನ್ ಕಾರ್ಡಿನಲ್ಲೂ 2018ರ ಡಿಸೆಂಬರ್ 5ರಿಂದ ಒಂಟಿ ತಾಯಿಯ ಮಗುವಿಗೆ ತಂದೆಯ ಹೆಸರು ಕಡ್ಡಾಯವಲ್ಲ. ಜನನ ಪ್ರಮಾಣಪತ್ರಕ್ಕೆ ಅವಿವಾಹಿತ ತಾಯಿಯ ಅಫಿಡವಿಟ್ ಸಾಕು ಅಂತ 2015ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ.

ಜಾತಿ ಪ್ರಮಾಣಪತ್ರ ಕಷ್ಟದ್ದು. ಅಂತರ್ಜಾತಿ ಮದುವೆಯಲ್ಲಿ ಮಗುವಿಗೆ ತಂದೆಯ ಜಾತಿ ಅಂತ ಮೊದಲು ಭಾವಿಸುತ್ತಾರೆ. ಆದರೆ 2012ರ ರಮೇಶ್‌ಭಾಯಿ ನಾಯ್ಕಾ ತೀರ್ಪಿನಲ್ಲಿ ಅದು ಅಂತಿಮವಲ್ಲ ಎಂದಾಗಿದೆ. ಪರಿಶಿಷ್ಟ ಜಾತಿ ಅಥವಾ ಪಂಗಡದ ತಾಯಿಯ ಬಳಿ ಬೆಳೆದು, ಆ ಸಮುದಾಯದ ಕಷ್ಟನಷ್ಟಗಳನ್ನೇ ಉಂಡ ಮಗು ಎಂದು ಪುರಾವೆ ಕೊಟ್ಟರೆ ತಾಯಿಯ ಜಾತಿ ಸಿಗಬಹುದು. ತಾಯಿಯ ಪ್ರಮಾಣಪತ್ರ, ಮಗು ಹುಟ್ಟಿದಾಗಿನಿಂದ ತವರಿನಲ್ಲೇ ಇರುವುದಕ್ಕೆ ಅಂಗನವಾಡಿ ಮತ್ತು ಶಾಲಾ ದಾಖಲೆ ಇಡಿ. ತಿರಸ್ಕರಿಸಿದರೆ ಕಾರಣವನ್ನು ಬರವಣಿಗೆಯಲ್ಲೇ ಪಡೆಯಿರಿ, ಅದಿಲ್ಲದೆ ಉಪವಿಭಾಗಾಧಿಕಾರಿ ಮುಂದೆ ಮೇಲ್ಮನವಿಗೆ ಬಲ ಬರುವುದಿಲ್ಲ.

ನಾಡಕಚೇರಿ_ಕಿಟಕಿ:

ಮನವಿಯ ಕರಡು ಹೀಗಿದೆ. ಪಿಂಚಣಿ ಮತ್ತು ಪ್ರಾಯೋಜಕತ್ವದ ಆದಾಯ ಮಿತಿಯನ್ನು ಕನಿಷ್ಠ ಕೂಲಿಗೆ ಜೋಡಿಸುವುದು. ಮನಸ್ವಿನಿಯ 40 ವರ್ಷದ ಷರತ್ತನ್ನು ಮಕ್ಕಳಿರುವವರಿಗೆ ತೆಗೆಯುವುದು, ಗಂಡ ಬಿಟ್ಟವರನ್ನು ಸೇರಿಸುವುದು. ಜೀವನಾಂಶದ ಆದೇಶ ಅಥವಾ ಸಂರಕ್ಷಣಾಧಿಕಾರಿಯ ವರದಿ ಇದ್ದರೆ ಕುಟುಂಬ ದತ್ತಾಂಶದಲ್ಲಿ ತಾಯಿ ಮಕ್ಕಳನ್ನು 30 ದಿನದಲ್ಲಿ ಪ್ರತ್ಯೇಕ ಕುಟುಂಬವಾಗಿ ದಾಖಲಿಸುವುದು. ಆದೇಶವಾಗಿಯೂ ಮೂರು ಕಂತು ಬಾಕಿಯಾದರೆ ಮುಂಗಡ ಜೀವನಾಂಶ, ವಸೂಲಿ ಸರ್ಕಾರದ್ದು, ಮೊದಲು ಎರಡು ಜಿಲ್ಲೆಗಳಲ್ಲಿ. ಕೂಸಿನ ಮನೆ ಎಲ್ಲ ಕೂಲಿಯವರಿಗೂ, ಸಂಜೆ ಆರರ ತನಕ.

ಪಡುಗಡಲು:

ಎರಡನೇ ಅಂಶದಲ್ಲಿ 'ಗಂಡ ಬಿಟ್ಟವರು', ಮೂರನೆಯದರಲ್ಲಿ 'ತಾಯಿ' ಅಂತಿರುವ ಕಡೆ 'ಮಗುವನ್ನು ಸಾಕುತ್ತಿರುವ ಒಂಟಿ ಪೋಷಕರು' ಅಂತ ಮಾಡಿ. ಅಜ್ಜಿ ಸಾಕುತ್ತಿರುವ ಮಕ್ಕಳಿಗೂ ಅನ್ವಯಿಸಲಿ.

ಹಂಪಿ_ಓದುಗ:

ನಾಲ್ಕನೇ ಅಂಶಕ್ಕೆ ವಸೂಲಿಯ ಲೆಕ್ಕವನ್ನು ಪ್ರತಿ ವರ್ಷ ಸದನದ ಮುಂದಿಡಬೇಕು ಅಂತ ಸೇರಿಸಿ. ಎಷ್ಟು ಕೊಟ್ಟರು, ಎಷ್ಟು ವಾಪಸು ಬಂತು, ಎಷ್ಟು ಜನರ ಪಹಣಿಯಲ್ಲಿ ಬಾಕಿ ಬಿತ್ತು, ಜಿಲ್ಲಾವಾರು. ಅದು ಸೇರಿದರೆ ನನ್ನ ಸಹಿಯೂ ಇರುತ್ತದೆ.